ಎಳೆದರೆ ಸ್ಟಾರ್ಟ್ ಆಗುವ ಎಂಜಿನ್

ಮೆಕ್ಯಾನಿಕ್ ಟೇಪು ಹಿಡಿದು ಎಂಜಿನ್ನಿನ ಹಿಂಭಾಗ ಅಳೆಯುತ್ತಿದ್ದರೆ, ಷೆಡ್ಡಿನ ಬಾಗಿಲಲ್ಲಿ ನಿಂತಿದ್ದ ಆಕೆಯ ಮನಸ್ಸಿನಲ್ಲಿದ್ದುದು ಒಂದೇ ಮಾತು: ಹೊಂದದೇ ಹೋಗಲಿ ದೇವರೇ.

ಎಂಜಿನ್ ಆಕೆಯ ತೀರಿಹೋದ ಗಂಡನ ಟ್ರ್ಯಾಕ್ಟರಿನದು. ಗಾಡಿ ನಿಂತಲ್ಲೇ ತುಕ್ಕು ಹಿಡಿದಿತ್ತು, ಎಂಜಿನ್ ಮಾತ್ರ ಗಟ್ಟಿ. ಅದೇ ಕಾಲದ ಬೇರೆ ಮಾದರಿಯ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ರೈತನೊಬ್ಬ ತನ್ನ ಕೆಟ್ಟ ಎಂಜಿನ್ನಿನ ಬದಲಿಗೆ ಇದನ್ನು ಕೇಳಿದ್ದ. ಹೊಂದಿದರೆ ಅವನಿಗೆ, ಇಲ್ಲವಾದರೆ ವಾಪಸ್ ಮನೆಗೆ ಎಂದು ಮಾತಾಗಿತ್ತು. ಬಾಯಿ ಒಪ್ಪಿತ್ತು, ಕರುಳು ಒಪ್ಪಿರಲಿಲ್ಲ.

"ಬೋಲ್ಟಿನ ತೂತೆಲ್ಲ ಸರಿಯಾಗಿ ಕೂರುತ್ತೆ," ಎಂದ ಮೆಕ್ಯಾನಿಕ್. "ಹಿಂದಿನ ಈ ಚಕ್ರ, ಫ್ಲೈವೀಲ್, ಮಾತ್ರ ಸ್ವಲ್ಪ ದಪ್ಪ."

ಆಕೆಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಆಗಲ್ಲ ಅಲ್ವಾ?"

"ಯಾಕಾಗಲ್ಲ ಅಕ್ಕ? ಇವರ ಹಳೇ ಫ್ಲೈವೀಲನ್ನೇ ಹಾಕಿದ್ರಾಯ್ತು," ಎಂದು ಪಕ್ಕದಲ್ಲಿದ್ದ ರೈತನತ್ತ ಕೈ ತೋರಿದ.

ಮರುದಿನ ಸಂಜೆಗೆ ರೈತನ ಟ್ರ್ಯಾಕ್ಟರಿನಲ್ಲಿ ಎಂಜಿನ್ ಕೂತಿತ್ತು. ಯಾರೂ ಕರೆಯದಿದ್ದರೂ ಆಕೆ ಬಂದು ನಿಂತಿದ್ದಳು. ಆದರೆ ಅದು ಸ್ಟಾರ್ಟೇ ಆಗಲಿಲ್ಲ. ಡೀಸೆಲ್ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದದ್ದಾಯಿತು, ಬ್ಯಾಟರಿ ಬದಲಿಸಿದ್ದಾಯಿತು. ಊಹೂಂ!

"ಪಂಪಿಂದ ಡೀಸೆಲ್ಲೇ ಬರ್ತಿಲ್ಲ," ಎಂದು ಮೆಕ್ಯಾನಿಕ್ ಕೈಚೆಲ್ಲಿದ.

"ಇದರ ಸಹವಾಸ ಸಾಕು, ಬಿಚ್ಚಿಬಿಡಿ," ಎಂದ ರೈತ. "ಬೇಜಾರಾಗ್ಬೇಡಿ ಅಕ್ಕ, ನಿಮ್ಮದು ನಿಮಗೇ ಇರಲಿ."

ಆಕೆಗೆ ಕಾರಣ ಗೊತ್ತಿತ್ತು. ಎಲ್ಲ ಟ್ರ್ಯಾಕ್ಟರಿನಲ್ಲೂ ಸ್ಟಾಪ್ ಗುಂಡಿ ಎಳೆದರೆ ಎಂಜಿನ್ ನಿಲ್ಲುತ್ತದೆ. ಆಕೆಯ ಗಂಡ ಮಹಾಶಯ ಒಮ್ಮೆ ಪಂಪನ್ನು ತಾನೇ ರಿಪೇರಿ ಮಾಡಲು ಹೋಗಿ ಆ ಗುಂಡಿಯ ಲಿವರನ್ನು ಉಲ್ಟಾ ಕೂರಿಸಿದ್ದ. ಅಂದಿನಿಂದ ಗುಂಡಿ ಎಳೆದರೇ ಅದು ಸ್ಟಾರ್ಟ್ ಆಗುವುದು. "ಇರಲಿ ಬಿಡೇ, ಕಳ್ಳ ಬಂದ್ರೂ ಒಯ್ಯಕ್ಕಾಗಲ್ಲ," ಎಂದು ನಕ್ಕಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಂಜಿನ್ ಮನೆಗೆ ಬರುತ್ತದೆ. ಬಂದು? ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಆ ಸದ್ದು ಕೇಳಿ ಎಷ್ಟು ಕಾಲವಾಯಿತು! ದಿನಾ ಸಂಜೆ ಏರು ಹತ್ತಿ ಮನೆಗೆ ಬರುತ್ತಿದ್ದ ಸದ್ದು. ಒಂದೇ ಒಂದು ಸಲ ಕೇಳಿಬಿಡಬೇಕೆಂದು ಆಕೆಯ ಜೀವ ಹಂಬಲಿಸಿತು.

"ಗುಂಡಿ ಎಳೀರಿ," ಎಂದುಬಿಟ್ಟಳು.

"ಎಳೆದ್ರೆ ನಿಲ್ಲುತ್ತಲ್ಲ ಅಕ್ಕ?" ಎಂದ ಮೆಕ್ಯಾನಿಕ್.

"ಅದು ಬೇರೆಯವರದ್ದು. ಇದು ನಮ್ಮ ಯಜಮಾನರದ್ದು. ಎಳೀರಿ."

ಎಳೆದ. ಷೆಡ್ಡಿನ ತಗಡು ಅದುರುವಂತೆ ಎಂಜಿನ್ ಗುಡುಗಿತು. ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ರೈತ ಹಿಗ್ಗಿಹೋಗಿ ಸೀಟು ಏರಿದ. "ಇಂಥವು ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ ಅಕ್ಕ!"

"ನೀವು ಹೊಲಕ್ಕೆ ಹೋಗೋದು ನಮ್ಮನೆ ಮುಂದಿನ ಏರಲ್ಲೇ ತಾನೆ? ಅಲ್ಲಿ ಮಾತ್ರ ಒಂದನೇ ಗೇರಲ್ಲೇ ಹೋಗ್ಬೇಕು. ಇಲ್ಲಾಂದ್ರೆ ಎಂಜಿನ್‌ಗೆ ಕಷ್ಟ."

ಮೆಕ್ಯಾನಿಕ್ ತಲೆಯೆತ್ತಿ ಆಕೆಯನ್ನು ನೋಡಿದ. ಆ ಎಂಜಿನ್‌ಗೆ ಎಂಥ ಏರೂ ಲೆಕ್ಕಕ್ಕಿಲ್ಲವೆಂದು ಅವನಿಗೆ ಗೊತ್ತಿತ್ತು. ಕೈ ಒರೆಸಿಕೊಳ್ಳುತ್ತಾ ರೈತನ ಕಡೆ ತಿರುಗಿದ.

"ಹೌದು. ಅಲ್ಲಿ ನಿಧಾನಕ್ಕೇ ಹೋಗಿ."