ಕಾಯಿಲಿನೊಳಗಿನ ಕಬ್ಬಿಣ

ಸುಟ್ಟ ವಾರ್ನಿಷ್ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ಅಪ್ಪ ಟಿಕೋಟಾದ ತನ್ನ ಅಂಗಡಿಯಲ್ಲಿ ಸುಟ್ಟ ಮೋಟರು, ಫ್ಯಾನುಗಳಿಗೆ ವಾರ್ನಿಷ್ ಹಚ್ಚಿದ ಹೊಸ ತಂತಿ ಸುತ್ತಿಕೊಡುತ್ತಿದ್ದ. ಎಪ್ಪತ್ತರ ದಶಕದ ಒಂದು ಬೇಸಿಗೆ, ನನಗೆ ಹದಿನಾಲ್ಕು. ಅಂಗಡಿಯ ತೆಳು ತಂತಿಯನ್ನು ಪ್ಲಾಸ್ಟಿಕ್ ಪೈಪಿನ ಮೇಲೆ ಸುತ್ತಿ, ಬುಡದಲ್ಲಿ ದಪ್ಪ ತಂತಿಯ ಇನ್ನೊಂದು ಸುತ್ತು ಹಾಕಿ, ಒಂದು ಟ್ರಾನ್ಸಿಸ್ಟರ್, ಬ್ಯಾಟರಿ ಕೂಡಿಸಿ ಟೆಸ್ಲಾ ಕಾಯಿಲ್ ಮಾಡಿದ್ದೆ. ಅದರ ಹತ್ತಿರ ಹಿಡಿದರೆ ಟ್ಯೂಬ್‌ಲೈಟು ತಂತಿಯಿಲ್ಲದೆ ಹತ್ತಬೇಕಿತ್ತು. ಹತ್ತಲಿಲ್ಲ. ಕೆಳಗಿನ ಸುತ್ತಿನ ತುದಿಗಳನ್ನು ಅದಲುಬದಲು ಮಾಡಿದರೂ ಟ್ರಾನ್ಸಿಸ್ಟರ್ ಬರೀ ಬಿಸಿಯಾಗುತ್ತಿತ್ತು. ಮೂರನೆಯ ಮಧ್ಯಾಹ್ನ ಪೈಪಿನೊಳಗೆ ಇಣುಕಿದೆ. ಯಾರೋ ಕಬ್ಬಿಣದ ಸರಳು ತೂರಿಸಿದ್ದರು.

“ನಾನ ಇಟ್ಟೇನಿ,” ಅಂದ ಅಪ್ಪ. “ಕಬ್ಬಿಣ ಇಲ್ಲದ್ದು ಎಂಥಾ ಕಾಯಿಲ್ ಬೇ? ನನಗ ಕಲಸಾಕ ಬಂದಿಯೇನು?”

ಸರಳನ್ನು ಎಳೆದು ಅವನ ಕಾಲ ಬಳಿ ಎಸೆದೆ. ಬ್ಯಾಟರಿ ಹಚ್ಚಿ ಟ್ಯೂಬು ಹಿಡಿದೆ. ನನ್ನ ಕೈಯಲ್ಲೇ ಬೆಳ್ಳಗೆ ಹತ್ತಿತು. ಮೋಟರಿಗೆ ಕಬ್ಬಿಣ ಬೇಕು; ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಏರಿಳಿಯುವ ಈ ಕಾಯಿಲಿನ ಶಕ್ತಿಯನ್ನು ಅದೇ ಕಬ್ಬಿಣ ನುಂಗಿಬಿಡುತ್ತಿತ್ತು.

ಫ್ಯಾನು ತಂದಿದ್ದ ಗಿರಾಕಿ ನಕ್ಕ. “ಮಗಳು ನಿಮಗಿಂತ ಶ್ಯಾಣ್ಯಾಕಿ ಅದಾಳ್ರಿ.”

ಅಪ್ಪ ಬ್ಯಾಟರಿ ಕಿತ್ತ. “ಬಿಚ್ಚು. ತಂತಿ ಇವರ ಫ್ಯಾನಿಗೆ ಬೇಕು.”

ಎಂಟುನೂರು ಸುತ್ತು ಬಿಚ್ಚಿದೆ. ಅವನು ಎದುರಿಗೇ ಕೂತು ನೋಡಿದ. ಕಬ್ಬಿಣ ತೆಗೆದ ಮೇಲೆ ಅದು ಯಾಕೆ ಹತ್ತಿತೆಂದು ಅಂದೂ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.