ಕೂದಲು ಸುತ್ತಿದ ನಳ

ಪ್ಲಾಸ್ಟಿಕ್ ಟೇಪು ಸಿಗುವುದು ನಿಂತುಹೋದ ಮೇಲೆ, ನೀರು ಸೋರದಿರಲೆಂದು ಪೈಪಿನ ಜೋಡಣೆಗಳಿಗೆ ಆಯಾ ಮನೆಯವರದೇ ಕೂದಲನ್ನು ಸುತ್ತಿ ಜೇನುಮೇಣ ಸವರುವುದು ಹುಬ್ಬಳ್ಳಿಯಲ್ಲಿ ರೂಢಿಯಾಗಿತ್ತು. ಕಸ್ತೂರೆವ್ವನ ಅಡುಗೆಮನೆಯ ನಳಕ್ಕೆ ಸುತ್ತಿದ್ದುದು ಮಗಳು ಸುನಂದೆಯ ಜಡೆಯ ತುದಿ. ಮಗಳು ತೀರಿಹೋಗಿ ವರ್ಷವಾಗಿತ್ತು. ಅವಳದೆಂದು ಮನೆಯಲ್ಲಿ ಉಳಿದಿದ್ದ ಕೂದಲು ಅದೊಂದೇ. ಈಗ ಆ ಜೋಡಣೆ ಸೋರತೊಡಗಿತ್ತು.

ನಳದ ಕೆಲಸದ ಮಾಬೂಸಾಬ ಪೈಪು ತಿರುಗಿಸುವ ಪಾನಾ ಕೆಳಗಿಟ್ಟ. "ಹಳೇದು ಕಿತ್ತು ಹೊಸಾದು ಸುತ್ತಬೇಕ್ರಿ ಅವ್ವಾರ. ನಿಮ್ಮ ತುರುಬಿನ್ಯಾಗ ಇನ್ನಾ ಹತ್ತು ನಳಕ್ಕ ಆಗೂವಷ್ಟು ಐತಿ."

"ಅದರ ಮ್ಯಾಲೇ ಸುತ್ತೋ ಮಾರಾಯಾ."

"ಅದರ ಮ್ಯಾಲ ಸುತ್ತಿದ್ರ ಪೈಪು ಒಳಗ ಕೂಡಂಗಿಲ್ರಿ. ಕಿತ್ತರ ಅದು ಪುಡಿಪುಡಿ ಆಗ್ತೈತಿ, ಕೈಗೆ ಸಿಗೂದಿಲ್ಲ. ಮೊದಲ ಹೇಳೇನಿ. ಹಂಗ ಬಿಡಾಕೂ ಬರಂಗಿಲ್ಲ, ಸೋರೂ ಮನಿ ಲೈನು ಬಂದ್ ಮಾಡ್ರಿ ಅಂತ ಕಾರ್ಪೊರೇಶನ್ನಿನ ಹುಕುಂ ಐತಿ."

ಕಸ್ತೂರೆವ್ವ ಆ ಕಪ್ಪು ಸುತ್ತನ್ನು ಬೆರಳಿನಿಂದ ಮುಟ್ಟಿದಳು. "ನೀರ ಬರದಿದ್ರ ಸೋರೂದೂ ಇಲ್ಲಲ್ಲ?"

"ಇಲ್ರಿ. ಮತ್ತ ಕುಡಿಯೂದೇನು?"

"ಎದುರಮನಿ ಗಂಗವ್ವ ಒಂದು ಕೊಡ ನೀರು ಕೊಡೂದಿಲ್ಲೇನು? ಬಂದ್ ಮಾಡಪಾ."

ಮಾಬೂಸಾಬ ಹೊರಗೆ ಹೋಗಿ ಬೀದಿಯ ವಾಲ್ವನ್ನು ತಿರುಗಿಸಿದ. ಜೋಡಣೆಯಿಂದ ಕೆಲವು ಹನಿಗಳು ಬಿದ್ದು ನಿಂತವು. ಕಸ್ತೂರೆವ್ವ ಸೆರಗಿನಿಂದ ಆ ಸುತ್ತನ್ನು ಮೆಲ್ಲಗೆ ಒತ್ತಿ ಒರೆಸಿದಳು, ತಲೆಗೆ ನೀರು ಹಾಕಿಕೊಂಡು ಬಂದ ಮಗಳನ್ನು ಮುಂದೆ ಕೂರಿಸಿಕೊಂಡು ಕೂದಲು ಒರೆಸುತ್ತಿದ್ದ ಹಾಗೆ.