ಒಳಗಿನ ಚಿಲಕ

ಬಾಗಿಲು ಬಡಿದ ಸದ್ದಿಗೇ ಒತಿಲಿಯಾಳಿಗೆ ಗೊತ್ತಾಯಿತು, ಬಂದವರು ಪರಿಚಯದವರಲ್ಲ. ವಿಸ್ಕಾನ್ಸಿನ್‌ನ ಆ ಹೈನು ಫಾರಂನ ಹಿಂದೆ ಸಾಲಾಗಿ ನಿಂತಿದ್ದ ತಗಡಿನ ಮನೆಗಳಲ್ಲಿ ಯಾರೂ ಬಾಗಿಲು ಬಡಿಯುತ್ತಿರಲಿಲ್ಲ. ನೆರೆಯವರು ಅಡಿಗೆಮನೆಯ ಕಿಟಕಿಗೆ ಬಂದು ಹೆಸರು ಹಿಡಿದು ಕೂಗುತ್ತಿದ್ದರು. ಒಲೆಯ ಪಕ್ಕ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದ ಹಸಿಂತಾಳ ಕೈ ಅಲ್ಲೇ ನಿಂತಿತು.

ಒತಿಲಿಯಾ ಪರದೆ ಸರಿಸಿ ನೋಡಿದಳು. ಹಿಮದಲ್ಲಿ ವಲಸೆ ಇಲಾಖೆಯ ಇಬ್ಬರು ನಿಂತಿದ್ದರು. ಹಿರಿಯವನು ಟೋಪಿ ಮುಟ್ಟಿಕೊಂಡು, ಕಲಿತ ಸ್ಪ್ಯಾನಿಷಿನಲ್ಲಿ ಮೆತ್ತಗೆ ಶುರುಮಾಡಿದ.

"ಸೆನ್ಯೋರಾ, ನಿಮ್ಮ ತಂಟೆಗೆ ಬಂದಿಲ್ಲ. ನೀವು ಟೆಕ್ಸಾಸ್‌ನಲ್ಲಿ ಹುಟ್ಟಿದೋರು, ಗೊತ್ತು. ನಮಗೆ ಹಸಿಂತಾ ಕೊಲೊವಾ ಅನ್ನೋಳು ಬೇಕು. ಬಾಗಿಲು ತೆಗೀರಿ, ಎರಡೇ ನಿಮಿಷ."

"ಮೊದಲು ಕಾಗದ ತೋರಿಸಿ."

ಅವನು ಗಾಜಿಗೆ ಕಾಗದ ಒತ್ತಿ ಹಿಡಿದ. ಒತಿಲಿಯಾ ನಿಧಾನವಾಗಿ ಓದಿ ಕೆಳಗಿನ ರುಜುವಿಗೆ ಬಂದಳು. ಇಗರ್ಜಿಯ ಹಜಾರದಲ್ಲಿ ವಕೀಲರೊಬ್ಬರು ಎಲ್ಲರನ್ನೂ ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ನ್ಯಾಯಾಧೀಶರ ರುಜು ಇದ್ದರೆ ಅವರು ಒಳಗೆ ಬರಬಹುದು, ಇಲಾಖೆ ತನ್ನ ರುಜು ತಾನೇ ಹಾಕಿಕೊಂಡು ಬಂದರೆ ಬರುವಂತಿಲ್ಲ. ಸಂವಿಧಾನ ಅವರನ್ನು ಹೊಸಿಲ ಆಚೆಯೇ ನಿಲ್ಲಿಸುತ್ತದೆ, ಮನೆಯವರು ತಾವಾಗಿ 'ಬನ್ನಿ' ಎನ್ನುವ ತನಕ. ಈ ಕಾಗದದಲ್ಲಿದ್ದದ್ದು ಇಲಾಖೆಯ ರುಜು.

ಬನ್ನಿ ಎಂದರೆ ಸಾಕಿತ್ತು. ಮಿಕ್ಕದ್ದು ಅವರ ಕೆಲಸ. ಒತಿಲಿಯಾ ತಿರುಗಿ ಹಸಿಂತಾಳನ್ನು ನೋಡಿದಳು. ಹೊಲದಲ್ಲಿ ಜೋಳ ಕಟಾವಾಗುವ ಹೊತ್ತಿಗೆ ಗಂಡ ಫೌಸ್ತಿನೊ ಅವಳನ್ನು ಕರೆದುಕೊಂಡು ಬಂದಿದ್ದ. 'ನಮ್ಮ ಬೆಟ್ಟದ ಕಡೆಯವಳು, ಪಾಪ, ಮೂಲೆ ಕೋಣೆ ಹೇಗೂ ಖಾಲಿ ಇದೆಯಲ್ಲ' ಎಂದಿದ್ದ. ಅಲ್ಲಿಯವರೆಗೆ ಹಾಲು ಕರೆದು ಬಂದವನು ಬೂಟು ಕಳಚಿ, ಉಂಡು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಈಗ ಬೂಟನ್ನೂ ಕಳಚದೆ ಅಡಿಗೆಮನೆಯಲ್ಲಿ ಕೂತು ಗಡಿಯಾಚೆಯ ಆ ಬೆಟ್ಟದವರ ನಾವಾ ಭಾಷೆಯಲ್ಲಿ ಹರಟುತ್ತಿದ್ದ, ನಗುತ್ತಿದ್ದ. ಒತಿಲಿಯಾಳಿಗೆ ಅದರಲ್ಲಿ ಒಂದಕ್ಷರವೂ ಬಾರದು. ಏನೆಂದು ಕೇಳಿದರೆ, 'ಹೇಳಿದ್ರೆ ನಿಂಗೆ ನಗು ಬರಲ್ಲ ಬಿಡು' ಎನ್ನುತ್ತಿದ್ದ.

"ನಿನ್ನೆ ಊಟಕ್ಕೆ ಕೂತಾಗ ಅವನಿಗೆ ಏನಂದೆ?" ಒತಿಲಿಯಾ ದನಿ ತಗ್ಗಿಸಿ ಕೇಳಿದಳು.

"ಈಗ್ಯಾಕೆ ಅದು, ದೋನ್ಯಾ ಒತಿಲಿಯಾ..."

"ಕೈಲಿದ್ದ ಕಾಫಿ ಚೆಲ್ಲೋ ಹಾಗೆ ನಕ್ಕನಲ್ಲ. ಏನಂದೆ?"

ಹಸಿಂತಾ ಮತ್ತೆ ಹಿಟ್ಟು ನಾದತೊಡಗಿದಳು.

"ವಕೀಲರು ಹೇಳಿದ ಸುಮ್ಮನಿರೋ ಹಕ್ಕು ಇರೋದು ಹೊರಗೆ ನಿಂತಿರೋರ ಮುಂದೆ. ನನ್ನ ಮುಂದೆ ಅದೆಲ್ಲ ನಡಿಯಲ್ಲ. ಬೊಗಳು."

"ಅವರ ಅಮ್ಮನ ಥರ ಮಾತಾಡಿ ತೋರಿಸಿದೆ," ಹಸಿಂತಾ ಹಿಟ್ಟನ್ನೇ ನೋಡುತ್ತ ಹೇಳಿದಳು. "ಮುದುಕಿ ಕೋಳಿಗಳಿಗೆ ಬೈತಿದ್ರಂತಲ್ಲ, ಸೊಸೆಯಂದಿರಿಗೆ ಬಯ್ಯೋ ಹಾಗೆ, ಒಂದೊಂದಕ್ಕೂ ಹೆಸರಿಟ್ಟು... ಅಷ್ಟೇ."

ಬೇರೇನಾದರೂ ಆಗಿದ್ದರೆ ಒತಿಲಿಯಾ ಜುಟ್ಟು ಹಿಡಿದು ಎಳೆದಾಡಬಹುದಿತ್ತು. ಅತ್ತೆ ಕೋಳಿ ಸಾಕಿದ್ದಳೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನು ತನ್ನ ತಾಯಿಯ ಕೋಳಿಗಳನ್ನು ಇವಳ ಹತ್ತಿರ ಹೋಗಿ ಬಿಚ್ಚಿಟ್ಟಿದ್ದ.

"ಸೆನ್ಯೋರಾ, ನೀವು ಹ್ಞೂಂ ಅಂದ್ರೆ ಸಾಕು," ಹೊರಗಿನಿಂದ ಹಿರಿಯವನ ದನಿ. "ನಿಮಗೂ ಒಂದು ತಾಪತ್ರಯ ತಪ್ಪುತ್ತೆ."

ಒತಿಲಿಯಾಳ ಕೈ ಚಿಲಕಕ್ಕೆ ಹೋಯಿತು. ಹಸಿಂತಾ ಅದನ್ನು ಕಂಡಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಬೆರಳ ಸಂದಿಯ ಹಿಟ್ಟನ್ನು ಒಂದೊಂದಾಗಿ ಒರೆಸಿಕೊಳ್ಳತೊಡಗಿದಳು, ಹೊರಡುವವಳ ಹಾಗೆ. ಅದು ಒತಿಲಿಯಾಳನ್ನು ಕೆರಳಿಸಿತು. ನಾನು ತೆಗೆದೇ ತೆಗೆಯುತ್ತೇನೆಂದು ಇವಳು ಆಗಲೇ ತೀರ್ಮಾನಿಸಿಬಿಟ್ಟಳೇ? ಒಳಗೆ ಉರಿಯುತ್ತಿದ್ದದ್ದು ತನ್ನ ಸ್ವಂತದ್ದು. ಅದನ್ನು ಸರ್ಕಾರದ ಕೈಗೆ ಒಪ್ಪಿಸಿ ಕೂರುವಷ್ಟು ಅವಳು ಬಡವಳಾಗಿರಲಿಲ್ಲ.

"ಆಗಲ್ಲ," ಎಂದು ಗಾಜಿನತ್ತ ಕೂಗಿದಳು. "ನ್ಯಾಯಾಧೀಶರ ರುಜು ಹಾಕಿಸ್ಕೊಂಡು ಬನ್ನಿ."

ಅವರು ಜಗಳವಾಡಲಿಲ್ಲ. ಕಾಗದ ಮಡಚಿಕೊಂಡು ಹೋಗಿ, ರಸ್ತೆಯ ತಿರುವಿನಲ್ಲಿ ಕಾರಿನೊಳಗೆ ಕೂತರು. ಸ್ವಲ್ಪ ಹೊತ್ತಿಗೆ ಹಾಲು ಕರೆಯುವ ಕೊಟ್ಟಿಗೆಯ ಕಡೆಯಿಂದ ರಬ್ಬರ್ ಬೂಟುಗಳ ಸದ್ದು ಓಡಿಬಂತು. ಫೌಸ್ತಿನೊ ಅಂಗೈಯಿಂದ ಬಾಗಿಲು ಗುದ್ದಿದ.

"ಹಸಿಂತಾ! ಹಸಿಂತಾ! ಹಿಡ್ಕೊಂಡು ಹೋದ್ರಾ ಅವಳನ್ನ?"

ಒಳಗಿದ್ದ ಇಬ್ಬರು ಹೆಂಗಸರೂ ಆ ಹೆಸರನ್ನು ಕೇಳಿಸಿಕೊಂಡರು.

"ಇಲ್ಲೇ ಇದಾಳೆ," ಎಂದಳು ಒತಿಲಿಯಾ. "ನಾನೂ ಇದೀನಿ."

"ಬದುಕಿದೆ ದೇವರೇ! ತೆಗಿ, ತೆಗಿ."

ಹಸಿಂತಾ ಮೂಲೆ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು. "ನಾನು ಹೊರಟುಬಿಡ್ತೀನಿ, ದೋನ್ಯಾ."

"ಎಲ್ಲಿಗೆ ಹೋಗ್ತೀಯೆ? ತಿರುವಿನಲ್ಲಿ ಕಾರು ನಿಂತಿದೆ, ಕಣ್ಣು ಕಾಣಲ್ವಾ? ಅದು ಹೋಗೋ ತನಕ ನೀನು ಈ ಮನೆ ಬಿಡೋ ಹಾಗಿಲ್ಲ. ಹಿಟ್ಟು ಒಣಗ್ತಿದೆ, ಬಂದು ನಾದು."

ಹೊರಗೆ ಫೌಸ್ತಿನೊ ಮತ್ತೆ ಗುದ್ದಿದ. "ಒತಿಲಿಯಾ! ಕೋಟಿಲ್ಲದೆ ಬಂದಿದೀನಿ ಕಣೇ, ಕೈಕಾಲು ಮರಗಟ್ತಿದೆ. ತೆಗೀತೀಯೋ ಇಲ್ವೋ? ಇದು ನನ್ನ ಮನೆ!"

"ದೇಶ ನಮ್ದು ಅನ್ಕೊಂಡೇ ಆ ಕಾರಿನೋರೂ ಬಂದಿದ್ದು," ಎಂದಳು ಒತಿಲಿಯಾ, ಚಿಲಕದ ಮೇಲಿನ ಕೈ ತೆಗೆಯದೆ. "ನಿಂತ್ಕೊ."